ಎರಡು ಬೆರಳು ನೀರು

ನೀರನ್ನು ಗಾಳಿಸದೆ ಬಳಸಬಾರದೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಯಾರೂ ಹೇಳಿಕೊಡದೆಯೇ ಬರುವ ಪಾಠ. ದೇವದುರ್ಗದ ನಮ್ಮ ಹಳೆಯ ಮನೆಯಲ್ಲಿ ಅಜ್ಜಿ ಈ ಕೆಲಸವನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ದಟ್ಟವಾದ ಬಿಳಿಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹೊದಿಸಿ, ಬಾವಿಯಿಂದ ಸೇದಿದ ನೀರನ್ನು ಸಾವಕಾಶವಾಗಿ ಸುರಿಯುತ್ತಿದ್ದಳು. ಕೊನೆಗೆ ಬಟ್ಟೆಯನ್ನು ಮಗುಚಿ, ಗಾಳಿಸಿದ ನೀರಿನಿಂದಲೇ ಅದನ್ನು ತೊಳೆದು, ತೊಳೆದ ನೀರನ್ನು ಅದೇ ಬಾವಿಗೆ ಮರಳಿಸುವಳು. ಅದನ್ನೂ ಮೇಲಿನಿಂದ ಎಸೆಯುವಂತಿಲ್ಲ. ಹಗ್ಗ ಕಟ್ಟಿದ ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಬಿಟ್ಟು ಅಲ್ಲಿ ಬಗ್ಗಿಸಬೇಕು. ಬಟ್ಟೆಗೆ ಅಂಟಿದ ಜೀವಗಳು ತಮ್ಮ ನೀರಿಗೇ ಹೋಗಿ ಸೇರಬೇಕು, ಬೇರೆ ನೀರು ಅವಕ್ಕೆ ಒಗ್ಗದು ಎಂದು ಆಕೆಯ ವಿವರಣೆ.

ಅದೇ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ಅಜ್ಜಿಯೂ ನೋಡಲಿಲ್ಲ, ನಾವೂ ನೋಡಲಿಲ್ಲ. ಗೋಡೆಯ ಬುಡದಲ್ಲಿ ಒಂದು ತೂತಿತ್ತು. ಆಚೆ ಬೀದಿಯ ತೆರೆದ ಗಟಾರ. ತೂತಿನವರೆಗೆ ನೀರು ನಮ್ಮದು, ಅದರಾಚೆ ಊರಿನದು. ಗಾಳಿಸುವ ಬಟ್ಟೆಗೆ ಅಷ್ಟೊಂದು ವಿಧಿಯಿದ್ದ ಮನೆಯಲ್ಲಿ ಈ ತೂತಿಗೆ ಯಾವ ವಿಧಿಯೂ ಇರಲಿಲ್ಲವೆಂಬುದು ನನಗೆ ಹೊಳೆಯಲು ಐವತ್ತು ವರ್ಷಗಳು ಬೇಕಾದವು. ಆ ಹೊಳಹು ಕೂಡ ನನ್ನ ವಿವೇಕದಿಂದ ಬಂದದ್ದಲ್ಲ. ಅದು ಬಂದ ಬಗೆಯನ್ನು ಬರೆಯಲು ನಾಚಿಕೆಯೆನಿಸುತ್ತದೆ. ಆದರೂ ವ್ಯಾಪಾರ, ಗಿರಣಿ, ಅಂಗಡಿಗಳನ್ನು ನಡೆಸುವ ಬಂಧುಗಳು ಈ ಪತ್ರಿಕೆಯ ಓದುಗರಲ್ಲಿ ಅನೇಕರಿರುವುದರಿಂದ ಬರೆಯುತ್ತಿದ್ದೇನೆ.

ನಾನು ರಾಯಚೂರು ನಗರದ ಅಂಚಿನಲ್ಲಿದ್ದ ಒಂದು ಕುಸುಬಲಕ್ಕಿ ಗಿರಣಿಯಲ್ಲಿ ಬಹುಕಾಲ ಲೆಕ್ಕ ಬರೆದವನು. ಗಿರಣಿ ನಮ್ಮ ದೊಡ್ಡಪ್ಪನ ಮಗನದು, ಹೆಸರು ಬೇಡ. ನಮ್ಮ ಜಿಲ್ಲೆ ಎರಡು ನದಿಗಳ ನಡುವಿನ ದೋಆಬ್. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು, ಮಾನ್ವಿ, ರಾಯಚೂರು ಸೀಮೆಯ ಎರೆಹೊಲಗಳಲ್ಲಿ ಜೋಳ ಹಿಂದೆ ಸರಿದು ಭತ್ತ ನಿಂತಿತು. ಮುಂದೆ ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದಿತು. ಭತ್ತ ಬಂದಲ್ಲಿ ಗಿರಣಿ ಬಂತು. ಮಾನ್ವಿಯಿಂದ ರಾಯಚೂರಿಗೆ ಬರುವ ದಾರಿಯ ಎರಡೂ ಬದಿಗೆ ಹೊಟ್ಟಿನ ಹೊಗೆಯುಗುಳುವ ಚಿಮಣಿಗಳನ್ನು ನೋಡದವರು ಈ ಭಾಗದಲ್ಲಿಲ್ಲ.

ಬೆಳ್ತಿಗೆ ಅಕ್ಕಿ ಮಾಡುವ ಗಿರಣಿಯಿಂದ ನೀರು ಹೊರಬೀಳುವುದು ಅತ್ಯಲ್ಪ. ಕುಸುಬಲಕ್ಕಿಯದು ಹಾಗಲ್ಲ. ಭತ್ತವನ್ನು ದೊಡ್ಡ ತೊಟ್ಟಿಗಳಲ್ಲಿ ಬಿಸಿನೀರಿನಲ್ಲಿ ಗಂಟೆಗಟ್ಟಲೆ ನೆನೆಹಾಕಿ, ನೀರು ಬಸಿದು, ಹಬೆ ಕೊಟ್ಟು, ಒಣಗಿಸಿ, ಆಮೇಲೆ ಕುಟ್ಟಬೇಕು. ಒಂದು ಕಿಲೋ ಭತ್ತಕ್ಕೆ ಒಂದು ಲೀಟರಿಗೂ ಮಿಕ್ಕಿ ನೀರು ಹಿಡಿಯುತ್ತದೆ. ಬಸಿದ ನೀರು ಚಹಾದ ಬಣ್ಣಕ್ಕಿರುತ್ತದೆ. ಹುಳಿಹಿಡಿದ ಗಂಜಿಯ ವಾಸನೆ. ಅದರಲ್ಲಿ ವಿಷವಿಲ್ಲ. ಅಕ್ಕಿಯ ಸತ್ವವೇ ಕರಗಿ ಬಂದ ನೀರದು, ದನ ಕುಡಿದರೂ ಕುಡಿದೀತು ಎಂದು ಗಿರಣಿಯವರು ಹೇಳುವ ಮಾತು ಒಂದು ಮಟ್ಟಿಗೆ ನಿಜ. ಆದರೆ ಆ ಸತ್ವ ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ಈ ಹಸಿವನ್ನು ಅಳೆಯುವ ಮಾನಕ್ಕೆ ಬಿ.ಓ.ಡಿ. ಎಂದು ಹೆಸರು. ಶುದ್ಧೀಕರಿಸಿದ ನೀರನ್ನು ಹಳ್ಳ-ಹೊಳೆಗೆ ಬಿಡಬೇಕಾದರೆ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಸಾರ್ವಜನಿಕ ಒಳಚರಂಡಿಗಾದರೆ 350ರವರೆಗೆ ಬಿಡಬಹುದು ಎಂದು ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಹೇಳಿದೆ. ನೆನೆಹಾಕಿ ಬಸಿದ ನೀರು ಹಾಗೆಯೇ ಹೊರಟರೆ ಸಾವಿರವನ್ನೂ ದಾಟಬಲ್ಲದು.

30 ಎಲ್ಲಿ, 350 ಎಲ್ಲಿ! ಒಳಚರಂಡಿಗೆ ಇಷ್ಟು ಸಡಿಲವೇಕೆಂದು ಮೊದಲು ನನಗೂ ಆಶ್ಚರ್ಯವಾಗಿತ್ತು. ಕಾರಣ ಸರಳ. ಚರಂಡಿಯ ಕೊನೆಯಲ್ಲಿ ಊರಿನ ಶುದ್ಧೀಕರಣ ಘಟಕವಿರುತ್ತದೆ, ಮಿಕ್ಕ ಕೆಲಸವನ್ನು ಅದು ಮಾಡುತ್ತದೆ ಎಂಬ ಭರವಸೆಯ ಮೇಲೆ ಕೊಟ್ಟ ಸಾಲ ಅದು. ಕೊನೆಯಲ್ಲಿ ಘಟಕವೇ ಇಲ್ಲದಿದ್ದರೆ, ಇದ್ದರೂ ಅದರ ಶಕ್ತಿ ಮೀರಿ ನೀರು ಬಂದರೆ, ಆ ಸಾಲಕ್ಕೆ ಜಾಮೀನಿಲ್ಲ. ಅದಕ್ಕಾಗಿಯೇ ಎಷ್ಟು ನೀರು ಬಿಡುತ್ತೀರಿ ಎಂಬ ಪ್ರಶ್ನೆ ಎಂಥ ನೀರು ಬಿಡುತ್ತೀರಿ ಎಂಬುದರಷ್ಟೇ ಮುಖ್ಯವಾದದ್ದು. 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆಯ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯಿಲ್ಲದೆ ಹೊಳೆಗಾಗಲಿ, ಬಾವಿಗಾಗಲಿ, ಒಳಚರಂಡಿಗಾಗಲಿ, ನೆಲದ ಮೇಲಾಗಲಿ ಕಾರ್ಖಾನೆಯ ನೀರನ್ನು ಬಿಡುವಂತಿಲ್ಲ. ಒಳಚರಂಡಿ ಎಂಬ ಮಾತು ಕಾಯಿದೆಯಲ್ಲಿ ಸ್ಪಷ್ಟವಾಗಿದೆ. ಆದರೂ ಪೈಪಿನೊಳಗೆ ಹೋದ ನೀರಿಗೆ ಕಾಯಿದೆ ಇಲ್ಲವೆಂದು ತಿಳಿದ ವ್ಯಾಪಾರಸ್ಥರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ನಮ್ಮ ಸಮ್ಮತಿ ಪತ್ರದಲ್ಲಿ ದಿನಕ್ಕೆ 20,000 ಲೀಟರ್ ಎಂದಿತ್ತು. ಗಿರಣಿ ಚಿಕ್ಕದಿದ್ದಾಗ ಪಡೆದದ್ದು. ಆಮೇಲೆ ಎರಡು ತೊಟ್ಟಿಗಳು ಹೆಚ್ಚಾದವು. ಪತ್ರ ಮಾತ್ರ ಹಾಗೆಯೇ ಉಳಿಯಿತು. ನೀರಿನ ಕಾಗದಪತ್ರಗಳೆಲ್ಲ ನನ್ನ ಮೇಜಿನ ಮೇಲೆಯೇ. ನೀರಿನ ಕರವೆಂಬುದು ಆಗ ಇತ್ತು. 1977ರ ಕಾಯಿದೆಯದು, 2017ರಲ್ಲಿ ಜಿ.ಎಸ್.ಟಿ. ಬರುವಾಗ ರದ್ದಾಯಿತು. ಅದಕ್ಕಾಗಿ ಹಿಂದಿನ ತಿಂಗಳು ಎಷ್ಟು ನೀರು ಬಳಸಿದೆವೆಂದು ಪ್ರತಿ ತಿಂಗಳ 5ನೆಯ ತಾರೀಖಿನೊಳಗೆ ಬರೆದು ಕಳಿಸಬೇಕಿತ್ತು. ವರ್ಷಕ್ಕೊಮ್ಮೆ ಸೆಪ್ಟೆಂಬರ್ 30ರೊಳಗೆ ಪರಿಸರ ವಿವರಣ ಪತ್ರ. ಇವಲ್ಲದೆ ದಿನಂಪ್ರತಿ ಹೊರಬಿಟ್ಟ ನೀರಿನ ಒಂದು ಪುಸ್ತಕ.

ಹೊರಗೆ ಹೋಗುವ ನೀರನ್ನು ಅಳೆಯುವ ಉಪಾಯ ಬಹಳ ಹಳೆಯದು, ಬಹಳ ಚೆಲುವಾದದ್ದೂ ಹೌದು. ಕಾಲುವೆಗೆ ಅಡ್ಡಲಾಗಿ ಒಂದು ತಗಡು ನಿಲ್ಲಿಸಿ, ಅದರ ಮೇಲಂಚಿನಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದಂತೆ ಒಂದು ಕಂಡಿ ಕತ್ತರಿಸಿರುತ್ತಾರೆ. ನೀರು ಆ ಕಂಡಿಯಿಂದ ಧುಮುಕುತ್ತದೆ. ಕಂಡಿಯ ತುದಿಯಿಂದ ನೀರು ಎಷ್ಟು ಎತ್ತರಕ್ಕಿದೆಯೆಂದು ಅಳತೆಪಟ್ಟಿಯಿಂದ ನೋಡಿದರೆ ಸಾಕು, ಹರಿವು ತಿಳಿಯುತ್ತದೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ. ಒಂದು ಕಣ್ಣು ಬೇಕು, ಅಷ್ಟೆ. ಆ ಕಣ್ಣನ್ನು ನಾನು ಕೊಡಲಿಲ್ಲ.

ತೊಟ್ಟಿ ಬಸಿಯುತ್ತಿದ್ದುದು ರಾತ್ರಿ 2 ಗಂಟೆಯ ನಂತರ. ಹಗಲು ಬಿಟ್ಟರೆ ನಾರುತ್ತದೆಂದು ನೆರೆಯವರ ತಕರಾರು. ನಾನು ಗಿರಣಿಗೆ ಬರುತ್ತಿದ್ದುದು ಬೆಳಿಗ್ಗೆ ದೇವದರ್ಶನ ಮುಗಿಸಿ 9ಕ್ಕೆ. ಬಂದು ಕುಳಿತು ಪುಸ್ತಕ ತೆರೆದು ಎತ್ತರದ ಮನೆಯಲ್ಲಿ 8 ಸೆಂಟಿಮೀಟರ್ ಎಂದು ಬರೆಯುತ್ತಿದ್ದೆ. 8 ಸೆಂಟಿಮೀಟರಿಗೆ ಸೆಕೆಂಡಿಗೆ ಎರಡೂವರೆ ಲೀಟರ್, ಎರಡು ಗಂಟೆಗೆ 18,000 ಲೀಟರ್, 20,000ದ ಒಳಗೆ. ಒಂದು ದಿನ 8, ಮರುದಿನ 7.5, ಅದರ ಮರುದಿನ ಮತ್ತೆ 8. ಎಲ್ಲ ದಿನವೂ ಒಂದೇ ಅಂಕೆಯಿದ್ದರೆ ನೋಡುವವರಿಗೆ ಅನುಮಾನ ಬಂದೀತೆಂದು ನನಗೆ ನಾನೇ ಕಲಿಸಿಕೊಂಡ ಜಾಣತನವಿದು. ಹೀಗೆ ಬರೆಯೆಂದು ಅಣ್ಣ ಒಂದು ದಿನವೂ ಹೇಳಿರಲಿಲ್ಲ. ಹೇಳಿದ್ದರೆ ಪ್ರಾಯಶಃ ನಾನು ಪ್ರತಿಭಟಿಸುತ್ತಿದ್ದೆ!

ಮಂಡಳಿಯವರು ಬರುತ್ತಿರಲಿಲ್ಲವೆಂದಲ್ಲ. ಬಂದಾಗ ಅವರ ಕ್ರಮ ಶಾಸ್ತ್ರೋಕ್ತವಾಗಿಯೇ ಇರುತ್ತಿತ್ತು. ಮಾದರಿ ತೆಗೆಯುವುದಾಗಿ ತಿಳುವಳಿಕೆ ಪತ್ರ ಕೊಟ್ಟು, ನಮ್ಮೆದುರಿಗೆ ನೀರು ತೆಗೆದು, ಎರಡು ಭಾಗ ಮಾಡಿ, ಬಾಟಲಿಗಳಿಗೆ ಮೊಹರು ಹಾಕಿ, ಅವರೂ ನಾವೂ ರುಜು ಮಾಡಬೇಕೆಂದು ಕಾಯಿದೆಯಿದೆ. ಹಾಗೆಯೇ ಮಾಡುತ್ತಿದ್ದರು. ಆದರೆ ಬರುತ್ತಿದ್ದುದು ಹಗಲು 11ಕ್ಕೆ. ಆಗ ಕಂಡಿಯಲ್ಲಿ ಹರಿಯುತ್ತಿದ್ದುದು ಕೈಕಾಲು ತೊಳೆದ ತೆಳುನೀರು. 11 ಗಂಟೆಗೆ ತೆಗೆದ ಬಾಟಲಿ 11 ಗಂಟೆಯ ಸತ್ಯವನ್ನಷ್ಟೇ ಹೇಳುತ್ತದೆ. ಇಡೀ ದಿನ ಗಂಟೆಗೊಮ್ಮೆ ಹರಿವಿಗೆ ತಕ್ಕಷ್ಟು ನೀರು ತೆಗೆದು ಒಂದೇ ಪಾತ್ರೆಯಲ್ಲಿ ಕೂಡಿಸಿ ಪರೀಕ್ಷಿಸುವ ಕ್ರಮವೊಂದುಂಟು. ಅದಕ್ಕೆ ಜನ ಬೇಕು, ಹೊತ್ತು ಬೇಕು. ಆದಕಾರಣ ರಾತ್ರಿಯ ನೀರಿಗೆ ಸಾಕ್ಷಿಯಾಗಿ ಲೋಕದಲ್ಲಿದ್ದುದು ನನ್ನ ಪುಸ್ತಕವೊಂದೇ.

2012ರ ಬೇಸಿಗೆಯಲ್ಲಿ ಗಿರಣಿಯ ಮುಂದಿನ ಚರಂಡಿ ಕಟ್ಟಿಕೊಂಡಿತು. ಆಳುಗುಂಡಿಯ ಮುಚ್ಚಳದ ಸಂದಿನಿಂದ ಕಪ್ಪು ನೀರು ಉಕ್ಕಿ ಬೀದಿಯಲ್ಲಿ ಹರಿಯಿತು. ಊರಿನ ಯಂತ್ರಕ್ಕೆ ಹೇಳಿ ಕಾಯುವ ತಾಳ್ಮೆ ನಮಗಿರಲಿಲ್ಲ. ಖಾಸಗಿಯಾಗಿ ಮೂವರನ್ನು ಕರೆಸಿದೆವು. 700 ರೂಪಾಯಿಗೆ ಒಪ್ಪಂದ, 500 ಮುಂಗಡ. ಆಳುಗುಂಡಿಗೆ ಮನುಷ್ಯನನ್ನು ಇಳಿಸುವುದರ ವಿರುದ್ಧದ ಕಾಯಿದೆ ಮರುವರ್ಷ, 2013ರಲ್ಲಿ ಬಂತು. ಆದರೆ ಅದು ತಪ್ಪೆಂದು ತಿಳಿಯಲು ಕಾಯಿದೆಯವರೆಗೆ ಕಾಯಬೇಕಾಗಿರಲಿಲ್ಲ. ಮೂವರಲ್ಲಿ ಕಿರಿಯವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಬಕೆಟಿನಲ್ಲಿ ಮೇಲೆ ಬಂದದ್ದು ಹೊಟ್ಟು, ತೌಡು, ಗಂಜಿ ಸೇರಿ ಕೊಳೆತ ಕಪ್ಪು ರಾಡಿ. ಮೂರನೆಯ ಬಕೆಟಿನ ಹೊತ್ತಿಗೆ ಒಳಗಿನಿಂದ ಉತ್ತರ ಬರಲಿಲ್ಲ.

ಅವನನ್ನು ಎಳೆದು ತೆಗೆದು ಬೇವಿನ ನೆರಳಿನಲ್ಲಿ ಮಲಗಿಸಿದಾಗ ಮುಖ ನೀಲಿಗಟ್ಟಿತ್ತು. ಪುಣ್ಯಕ್ಕೆ ಬದುಕಿದ. ಎರಡು ದಿನ ಆಸ್ಪತ್ರೆಯಲ್ಲಿದ್ದ. ಗಂಜಿಯಂಥ ನೀರು ಗಾಳಿಯಾಡದ ಪೈಪಿನಲ್ಲಿ, ಅದರಲ್ಲೂ ಬಿಸಿಯಾಗಿದ್ದಾಗ, ಬೇಗ ಕೊಳೆತು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವನ್ನು ಹುಟ್ಟಿಸುತ್ತದೆಂದು ಆಮೇಲೆ ಓದಿ ತಿಳಿದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದಂತೆ. ಅನಿಲ ಹೆಚ್ಚಾದಂತೆ ಮೂಗೇ ಸತ್ತು ವಾಸನೆ ತಿಳಿಯದಾಗುತ್ತದೆ. ವಾಸನೆ ಹೋಯಿತೆಂದು ಸಮಾಧಾನಪಡುವ ಹೊತ್ತೇ ಮೃತ್ಯುವಿನ ಹೊತ್ತು. ಇಂಥ ಗುಂಡಿಗಳಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿಯೂ, 30 ಲಕ್ಷವೆಂದು 2023ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದೆ.

ವಾರದ ಮೇಲೆ ಆ ಹುಡುಗ ಬಾಕಿ 200 ರೂಪಾಯಿಗೆ ಬಂದ. ಕೊಟ್ಟೆ. ಇನ್ನಷ್ಟು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ: “ಒಳಗ ನೀರು ಬೆಚ್ಚಗಿತ್ತರೀ ಸಾವ್ಕಾರ್ರ. ರಾತ್ರಿ ಬಾಳ ಬಿಟ್ಟಿದ್ರೇನ್ರಿ?” ಅವನ ದನಿಯಲ್ಲಿ ಆರೋಪವಿರಲಿಲ್ಲ, ಕಸುಬಿನವನೊಬ್ಬ ಇನ್ನೊಬ್ಬ ಕಸುಬಿನವನನ್ನು ವಿಚಾರಿಸುವ ಧಾಟಿ. “ನನಗ ಗೊತ್ತಿಲ್ಲಪ್ಪ” ಎಂದೆ.

ಓದುಗರು ಗಮನಿಸಬೇಕು, ನಾನು ಸುಳ್ಳು ಹೇಳಲಿಲ್ಲ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹನ್ನೊಂದು ವರ್ಷ ದಿನಂಪ್ರತಿ ಬರೆದ ಪುಸ್ತಕ ಕೈಯಳತೆಯಲ್ಲಿತ್ತು. ಒಂದು ರಾತ್ರಿಯ ನೀರು ಎಷ್ಟೆಂಬುದು ಅದನ್ನು ಬರೆದವನಿಗೇ ಗೊತ್ತಿರಲಿಲ್ಲ. ಹುಡುಗ ಹೋದ ಮೇಲೆ ನಗದು ಪುಸ್ತಕ ತೆರೆದೆ. ಅವನು ಇಳಿದ ತಾರೀಖಿಗೆ ‘ಚರಂಡಿ ಶುಚಿ, 500’ ಎಂದು ನನ್ನದೇ ಅಕ್ಷರ. ಅದೇ ತಾರೀಖಿಗೆ ನೀರಿನ ಪುಸ್ತಕದಲ್ಲಿ 8 ಸೆಂಟಿಮೀಟರ್. ಅಂದು ಚರಂಡಿ ಕಟ್ಟಿ ನೀರು ಹಿಂದಕ್ಕೇ ನಿಂತಿತ್ತು, ಕಂಡಿಯೇ ಮುಳುಗಿತ್ತು. ಆದರೂ 8!

ಆ ರಾತ್ರಿ ಗಿರಣಿಯಲ್ಲೇ ಉಳಿದೆ. 2 ಗಂಟೆ ದಾಟಿದ ಮೇಲೆ ತೊಟ್ಟಿಯ ಬಾಯಿ ತೆಗೆದರು. ಬ್ಯಾಟರಿ ಹಿಡಿದು ಕಂಡಿಯ ಬಳಿ ಕುಳಿತೆ. ಹಬೆಯಾಡುವ ನೀರು, ಅಳತೆಪಟ್ಟಿಯ ಮೇಲೆ 12. ಹತ್ತು ನಿಮಿಷ ಬಿಟ್ಟು ನೋಡಿದರೂ 12. ಹೆಚ್ಚುಕಡಿಮೆ ಎರಡು ಗಂಟೆ ಹಾಗೆಯೇ ಹರಿಯಿತು. 8ಕ್ಕೂ 12ಕ್ಕೂ ನಡುವೆ ಇರುವುದು ಎರಡು ಬೆರಳಿನ ಅಗಲ. ಆದರೆ ಈ ಕಂಡಿಯ ಗಣಿತ ಬೇರೆ. ಮೇಲೇರಿದಂತೆ ಕಂಡಿ ಅಗಲವೂ ಆಗುತ್ತದೆ, ನೀರಿನ ವೇಗವೂ ಏರುತ್ತದೆ. ಎತ್ತರ ಎರಡರಷ್ಟಾದರೆ ಹರಿವು ಐದೂವರೆ ಪಟ್ಟು ಮೀರುತ್ತದೆ. 12ಕ್ಕೆ ಸೆಕೆಂಡಿಗೆ ಸುಮಾರು 6.9 ಲೀಟರ್, ಎರಡು ಗಂಟೆಗೆ 49,000ಕ್ಕೂ ಮೇಲೆ. ನನ್ನ ಎರಡು ಬೆರಳಿನಲ್ಲಿ ಪ್ರತಿ ರಾತ್ರಿ 31,000 ಲೀಟರ್ ನೀರು ಅಡಗಿ ಕುಳಿತಿತ್ತು.

ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಕೊಳವೆಬಾವಿಯ ಮೀಟರಿನ ಪ್ರಕಾರ ದಿನಕ್ಕೆ 60,000 ಲೀಟರ್ ಒಳಗೆ ಬರುತ್ತಿತ್ತು. ಅದನ್ನು ಕರದ ಕಾಗದದಲ್ಲಿ ಸರಿಯಾಗಿಯೇ ಬರೆಯುತ್ತಿದ್ದೆ. ಭತ್ತ ಹೀರಿದ್ದು, ಹಬೆಯಾಗಿ ಹೋದದ್ದು ಕಳೆದರೂ 18,000ಕ್ಕೆ ಇಳಿಯಲು ಸಾಧ್ಯವಿಲ್ಲವೆಂದು ಸಣ್ಣ ಹುಡುಗನೂ ಹೇಳಬಲ್ಲ. ಜಮಾ-ಖರ್ಚಿನಲ್ಲಿ ನಾಲ್ಕಾಣೆ ತಾಳೆಯಾಗದಿದ್ದರೆ ನಿದ್ರೆ ಬಾರದ ಮನುಷ್ಯ ನಾನು. ನೀರಿನ ಜಮಾವನ್ನೂ ಖರ್ಚನ್ನೂ ಒಮ್ಮೆಯೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ. ಮಲ-ಮೂತ್ರಾದಿ ತ್ಯಾಜ್ಯವನ್ನು ಬಿಡುವ ಮುನ್ನ ನೆಲವನ್ನು ಕಣ್ಣಾರೆ ನೋಡಿ, ಪಿಂಛಿಯಿಂದ ಒರಸಿ, ಜೀವಬಾಧೆಯಿಲ್ಲದೆಡೆ ಬಿಡಬೇಕೆಂಬ ನಿಯಮ. ಶ್ರಾವಕರಾದ ನಮಗೆ ಅದು ಮಹಾವ್ರತಿಗಳ ವಿಷಯವೆಂದು ಕೈಮುಗಿದು ಸುಮ್ಮನಾಗುವುದು ವಾಡಿಕೆ. ಆದರೆ ಒಬ್ಬ ಮುನಿ ಬಿಡುವುದು ಎಷ್ಟು, ಒಂದು ಗಿರಣಿ ಬಿಡುವುದು ಎಷ್ಟು? ನೋಡಿ ಬಿಡಬೇಕೆಂಬ ಮಾತು ಹೆಚ್ಚು ಅನ್ವಯವಾಗಬೇಕಾದದ್ದು ಯಾರಿಗೆ? ಇದಕ್ಕಿಂತಲೂ ನನ್ನನ್ನು ಚುಚ್ಚಿದ್ದು ಆಲೋಚನೆಯ ಪ್ರಕರಣ. ಗುರುವಿನೆದುರು ತನ್ನ ದೋಷವನ್ನು ನಿವೇದಿಸಿಕೊಳ್ಳುವುದಕ್ಕೆ ಆಲೋಚನೆಯೆಂದು ಹೆಸರು. ಅದಕ್ಕೆ ಹತ್ತು ದೋಷಗಳನ್ನು ‘ಭಗವತೀ ಆರಾಧನೆ’ಯಲ್ಲಿ ಹೇಳಿದೆ. ಇತರರ ಕಣ್ಣಿಗೆ ಬಿದ್ದ ತಪ್ಪನ್ನಷ್ಟೇ ಹೇಳಿ ಕಾಣದ್ದನ್ನು ಮುಚ್ಚಿಡುವುದು ‘ದೃಷ್ಟ’ವೆಂಬ ದೋಷ. ಅದು ನಮ್ಮ 11 ಗಂಟೆಯ ಬಾಟಲಿ. ಎಲ್ಲರೂ ಒಟ್ಟಿಗೆ ಹೇಳಿಕೊಳ್ಳುವ ಗದ್ದಲದಲ್ಲಿ ತನ್ನದನ್ನೂ ಹೇಳಿ ಮುಗಿಸುವುದು ‘ಶಬ್ದಾಕುಲಿತ’. ಅದು ವರ್ಷಾಂತ್ಯದ ಕಾಗದದ ಕಂತೆ. ತನ್ನಂಥದೇ ತಪ್ಪು ಮಾಡಿದವನ ಬಳಿ ಹೇಳಿ ಹಗುರಾಗುವುದು ‘ತತ್ಸೇವಿ’. ಇದಕ್ಕೆ ಉದಾಹರಣೆ ಮರುದಿನವೇ ಸಿಕ್ಕಿತು.

ಮರುದಿನ ಅಣ್ಣನಿಗೆ ಎರಡೂ ಪುಸ್ತಕಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿ, “ಎಲ್ಲ ಗಿರಣಿಯವರೂ ಎಂಟೇ ಬರೀತಾರ, ತಮ್ಮಾ. ನಾವೊಬ್ಬರೇ ಹನ್ನೆರಡು ಬರದ್ರ ನೋಟೀಸು ನಮಗೊಬ್ಬರಿಗೇ” ಎಂದರು. ಅವರನ್ನು ದೂಷಿಸಲಾರೆ. ಅವರ ಮಾತಿನಲ್ಲಿ ನ್ಯಾಯವಿತ್ತು. ಸ್ವತಃ ವರದಿ ಮಾಡಿಕೊಳ್ಳಬೇಕೆಂಬ ವ್ಯವಸ್ಥೆಯ ದೊಡ್ಡ ಕೊರತೆಯೇ ಇದು. ಸತ್ಯ ಬರೆದವನಿಗೆ ಶಿಕ್ಷೆ ಖಚಿತ, ಸುಳ್ಳು ಬರೆದವನಿಗೆ ಸಂದಿಗ್ಧ. ಮೂರು ದಿನ ಅಣ್ಣ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ, “ಬರಿ. ಆ ಹುಡುಗ ಸತ್ತಿದ್ದರ ಏನು ಬರೀತಿದ್ದಿ?” ಎಂದರು. ಬರೆದೆವು. ಸಮ್ಮತಿಯನ್ನು ಮೀರಿದ್ದೇವೆಂದೂ, ನೀರನ್ನು ಶೇಖರಿಸಿ ಶುದ್ಧಿಗೊಳಿಸುವ ತೊಟ್ಟಿ ಕಟ್ಟಲು ಕಾಲಾವಕಾಶ ಬೇಕೆಂದೂ ಅರ್ಜಿ ಕೊಟ್ಟೆವು. ನೋಟೀಸು ಬಂತು. ಕೆಲಸ ಮುಗಿಯುವವರೆಗೆ ಅರ್ಧಕ್ಕಿಂತ ಹೆಚ್ಚು ಭತ್ತ ನೆನೆಹಾಕಲಾಗಲಿಲ್ಲ. 40 ದಿನ ಗಿರಣಿ ಕುಂಟಿತು.

ಈ 40 ದಿನದ ಬೆಲೆಯನ್ನು ನಾನು ತೆತ್ತೆನೆಂದು ಬರೆಯುವಂತಿದ್ದರೆ ಈ ಲೇಖನ ಚೆನ್ನಾಗಿರುತ್ತಿತ್ತು. ನನ್ನ ಸಂಬಳ ನಿಲ್ಲಲಿಲ್ಲ. ಅಣ್ಣನಿಗೆ ನಷ್ಟವಾಯಿತು, ತಡೆದುಕೊಂಡರು. ಹಮಾಲಿಗಳಲ್ಲಿ ಆರು ಜನಕ್ಕೆ ಕೆಲಸ ತಪ್ಪಿತು. ದಿನಗೂಲಿಯವರು, ನೀರಿನ ಪುಸ್ತಕವನ್ನು ಕಣ್ಣಿಂದ ಕೂಡ ಕಾಣದವರು. ಅವರಲ್ಲಿ ಒಬ್ಬಳು, ಅಂಗಳದಲ್ಲಿ ಭತ್ತ ಹರಡುತ್ತಿದ್ದಾಕೆ, “ಯಾರೋ ಬರದ ತಪ್ಪಿಗೆ ನಮ್ಮ ಹೊಟ್ಟಿ ಮ್ಯಾಲ ಯಾಕ್ರೀ ಅಪ್ಪಾರ?” ಎಂದು ಕೇಳಿದಳು. ಅರ್ಧ ಕೂಲಿ ಕೊಡಿಸಿದೆ. ಅರ್ಧ ಕೂಲಿ ಉತ್ತರವಲ್ಲ. ಸುಳ್ಳನ್ನು ಹನ್ನೊಂದು ವರ್ಷ ಬೆಳೆಯಬಿಟ್ಟದ್ದರಿಂದಲೇ ಸತ್ಯ ಅಷ್ಟು ದುಬಾರಿಯಾಯಿತು ಎಂದು ನನಗೆ ಅನ್ನಿಸುತ್ತದೆ. ಮೊದಲನೆಯ ವರ್ಷವೇ ಬರೆದಿದ್ದರೆ ಒಂದು ಸಣ್ಣ ತೊಟ್ಟಿಯಲ್ಲಿ ಮುಗಿಯುತ್ತಿತ್ತು. ಇದನ್ನು ಆಕೆಗೆ ಹೇಳುವ ಧೈರ್ಯ ಬರಲಿಲ್ಲ.

ನಾನು ನಿವೃತ್ತನಾದ ಮೇಲೆ, 2022ರ ಮೇ ಕೊನೆಯಲ್ಲಿ, ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ನೂರಾರು ಜನ ಆಸ್ಪತ್ರೆ ಸೇರಿದರು. ಹಲವರು ಪ್ರಾಣ ಕಳೆದುಕೊಂಡರು. ರಾಂಪುರದ ನೀರು ಶುದ್ಧೀಕರಣ ಘಟಕವನ್ನು ವರ್ಷಗಳಿಂದ ಸರಿಯಾಗಿ ಶುಚಿಗೊಳಿಸಿರಲಿಲ್ಲವೆಂಬ ಸಂಗತಿ ಆಗ ಪತ್ರಿಕೆಗಳಲ್ಲೆಲ್ಲ ಬಂತು. ಮುಖ್ಯಮಂತ್ರಿಗಳಾಗಿದ್ದ ಬಸವರಾಜ ಬೊಮ್ಮಾಯಿಯವರು ಮೃತರ ಕುಟುಂಬಗಳಿಗೆ ಪರಿಹಾರ ಪ್ರಕಟಿಸಿ ತನಿಖೆಗೆ ಆದೇಶಿಸಿದರು. ಮರುವರ್ಷ ನಮ್ಮ ದೇವದುರ್ಗ ತಾಲೂಕಿನ ಒಂದು ಹಳ್ಳಿಯಲ್ಲಿಯೂ ಇಂಥದೇ ದುರಂತ. ಒಂದು ಮಗು ಹೋಯಿತು. ಇವಕ್ಕೂ ಗಿರಣಿಗಳ ನೀರಿಗೂ ಸಂಬಂಧವಿತ್ತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಆಧಾರವಿಲ್ಲ. ಆದರೆ ಆ ದಿನಗಳಲ್ಲಿ ನನ್ನ ಮನೆಯಲ್ಲಿ ನಲ್ಲಿಯ ನೀರನ್ನು ಅಜ್ಜಿಯಂತೆ ಎರಡು ಮಡಿಕೆಯ ಬಟ್ಟೆಯಲ್ಲಿ ಗಾಳಿಸುತ್ತ, ಅಷ್ಟಕ್ಕೆ ತೃಪ್ತನಾಗದೆ ಕುದಿಸುತ್ತ, ಈ ನೀರಿನ ದಾರಿಯನ್ನು ಮನಸ್ಸಿನಲ್ಲೇ ಹಿಂದಕ್ಕೆ ನಡೆದೆ. ರಾಂಪುರದ ಕೆರೆಗೆ ನೀರು ಬರುವುದು ತುಂಗಭದ್ರೆಯ ಎಡದಂಡೆ ಕಾಲುವೆಯಿಂದ. ಸುಮಾರು 227 ಕಿಲೋಮೀಟರ್ ಉದ್ದದ ಆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹಾಯ್ದು ಬಂದು ಕೊನೆಯಲ್ಲಿ ನಮಗೆ ಮುಟ್ಟುತ್ತದೆ. ಮೇಲಿನ ಊರಿನ ಹೊರಗಂಡಿ ಕೆಳಗಿನ ಊರಿನ ಬಾವಿಗೆ ಎಷ್ಟು ದೂರ? ನಮ್ಮ ಬಚ್ಚಲಿನ ತೂತಿನಾಚೆ ಊರಿನದೆಂದು ನಾವು ಬಿಟ್ಟ ನೀರು ಆ ಊರು ಯಾವುದೆಂದು ಕೇಳಿಕೊಂಡು ಹೋಗುವುದಿಲ್ಲ.

ಈಗ ಕಾಲ ಬದಲಾಗಿದೆಯೆನ್ನುತ್ತಾರೆ. ಅತಿ ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಉದ್ದಿಮೆಗಳು ತಮ್ಮ ನೀರು-ಹೊಗೆಗಳನ್ನು ಅಳೆಯುವ ಯಂತ್ರಗಳನ್ನು ಕೂರಿಸಿ, ಅಂಕೆಗಳು ನೇರವಾಗಿ ಮಂಡಳಿಗೆ ಹೋಗುವಂತೆ ಮಾಡಬೇಕೆಂದು ಕೇಂದ್ರ ಮಂಡಳಿ 2014ರಲ್ಲಿ ಸೂಚಿಸಿತು. ಶಕ್ತಿನಗರದಂಥ ವಿದ್ಯುತ್ ಸ್ಥಾವರಗಳು ಆ ಪಟ್ಟಿಯಲ್ಲಿವೆ. ಅಕ್ಕಿ ಗಿರಣಿಗಳಿಲ್ಲ. ಅವಕ್ಕೆ ಈಗಲೂ ತಗಡಿನ ಕಂಡಿ, ಅಳತೆಪಟ್ಟಿ, ಪುಸ್ತಕ, ಒಂದು ಕಣ್ಣು.

ನನ್ನ ತಂಗಿಯ ಮಗ ಮಾನ್ವಿಯಲ್ಲಿ ಗಿರಣಿ ನಡೆಸುತ್ತಾನೆ. ಅಲ್ಲಿ ನೆನೆಹಾಕಿದ ನೀರನ್ನು ಹಗಲಿಡೀ ನಿಧಾನವಾಗಿ ಬಿಡುವ ದೊಡ್ಡ ತೊಟ್ಟಿಯಿದೆ, ಶುದ್ಧಿಯ ಎರಡು ಹಂತಗಳಿವೆ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ಅವನ ನೀರಿನ ಪುಸ್ತಕ ನೋಡಿಬರುವುದನ್ನು ನಾನಾಗಿಯೇ ವಹಿಸಿಕೊಂಡಿದ್ದೇನೆ. ಅವನಿಗೆ ಇದು ಮುದುಕರ ಹವ್ಯಾಸ. ಕಾವಲಿನ ಹುಡುಗನೊಬ್ಬ ಹೊತ್ತು ನೋಡಿ ಅಂಕೆ ಬರೆಯುತ್ತಾನೆ, ಸೀಸದಕಡ್ಡಿಯಲ್ಲಿ, ವಕ್ರವಾಗಿ. ಕಳೆದ ಸಲ ಹೋದಾಗ ಪುಟದಲ್ಲಿ ಹೀಗಿತ್ತು: 6.5, 7, 5.5; 6. ಐದನೆಯ ದಿನದ ಮನೆಯಲ್ಲಿ ಅಂಕೆಯಿರಲಿಲ್ಲ. ‘ಕರೆಂಟ್ ಹೋಗಿತ್ತು. ನೋಡಲಿಲ್ಲ’ ಎಂದು ಬರೆದಿದ್ದ.

“ಮಾಮಾ, ಮಂಡಳಿಯವರು ನೋಡಿದ್ರ ಚಲೋ ಕಾಣಂಗಿಲ್ಲ. ಆರು ಅಂತ ಬರದುಬಿಡ್ಲೇನು?” ಎಂದು ಅಳಿಯ ಪೆನ್ನು ತೆಗೆದ. ಬೇಡವೆಂದೆ. ಹುಡುಗನನ್ನು ಕರೆಸಿ, ಆ ಸಾಲಿನ ಮುಂದೆ ಅವನ ಹೆಸರು ಬರೆಯಿಸಿದೆ.